ಎರೆಹೊಲದ ಕಾಳು, ರಕ್ತದ ಸಕ್ಕರೆ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಕೇಳಿಬರುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಈ ಗಾದೆಗೆ ಇನ್ನೊಂದು ಅರ್ಥ ಹುಟ್ಟಿಕೊಂಡಂತಿದೆ. ಇಲ್ಲಿ ಕಡಲೆಯೂ ಇದೆ, ಹಲ್ಲೂ ಇದೆ. ಆದರೆ ಹೊಲದಲ್ಲಿ ಬೆಳೆದ ಕಾಳು ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತದೆ, ಊಟದ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗುತ್ತಿದೆ. ಅದೇ ಹೊತ್ತಿಗೆ ಸಕ್ಕರೆ ಕಾಯಿಲೆ ಪೇಟೆಯ ಶ್ರೀಮಂತರ ಮನೆಯಿಂದ ಹೊರಟು ಹಳ್ಳಿಯ ರೈತರ, ನೇಕಾರರ ಮನೆಯವರೆಗೂ ಬಂದು ನಿಂತಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಪಟ್ಟಣಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ 16.4 ಜನರಿಗೆ, ಹಳ್ಳಿಗಳಲ್ಲಿ 8.9 ಜನರಿಗೆ ಈ ಕಾಯಿಲೆ ಇದೆ. ಆದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ, ಅಂದರೆ ರಕ್ತದ ಸಕ್ಕರೆ ಏರುತ್ತಿದ್ದರೂ ಇನ್ನೂ ಮಧುಮೇಹ ಎನ್ನುವ ಮಟ್ಟ ಮುಟ್ಟದವರ ಪ್ರಮಾಣ ನೋಡಿದರೆ ಹಳ್ಳಿಗೂ ಪಟ್ಟಣಕ್ಕೂ ವ್ಯತ್ಯಾಸವೇ ಇಲ್ಲ. ಎರಡೂ ಕಡೆ ನೂರಕ್ಕೆ ಹದಿನೈದರಷ್ಟು. ಹಳ್ಳಿಯವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಗೆ ಇನ್ನು ಆಧಾರವಿಲ್ಲ.

ಹೀಗಿರುವಾಗ ಎರೆನಾಡಿನ ರೈತ ತಾನೇ ಬೆಳೆಯುವ ಹೆಸರು, ಕಡಲೆ, ಮಡಿಕೆ, ಹುರಳಿಗಳು ರಕ್ತದ ಸಕ್ಕರೆಯ ಮೇಲೆ ಏನು ಮಾಡುತ್ತವೆ, ಹಸಿವಿನ ಮೇಲೆ ಏನು ಮಾಡುತ್ತವೆ ಎಂದು ತಿಳಿಯುವುದು ಬರಿಯ ಕುತೂಹಲದ ಮಾತಲ್ಲ.

ಕಾಳಿನ ನಾಡು

ಮಲಪ್ರಭೆಯ ದಕ್ಷಿಣಕ್ಕೆ ಹಬ್ಬಿರುವ ಈ ಬಯಲಿನ ಸಂಪತ್ತು ಎಂದರೆ ಕರಿಯ ಎರೆಮಣ್ಣು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರು ಬಂದಿದ್ದರೂ ಬಹುಪಾಲು ರೈತರು ಇಂದಿಗೂ ಮುಗಿಲು ನೋಡಿಯೇ ಬಿತ್ತುವವರು. ಮೃಗಶಿರಾ ಮಳೆಗೆ ಹೆಸರು ಬಿತ್ತಿದರೆ ಎರಡು ತಿಂಗಳು, ಎರಡೂಕಾಲು ತಿಂಗಳಿಗೆಲ್ಲ ಕಾಯಿ ಬಿಡಿಸಲು ಬರುತ್ತದೆ. ಅದೇ ಹೊಲವನ್ನು ಹರಗಿ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳ ಬಿತ್ತುತ್ತಾರೆ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಚಳಿಗಾಲದ ಇಬ್ಬನಿ, ಇಷ್ಟೇ ಬಂಡವಾಳದಲ್ಲಿ ಕಡಲೆ ಬೆಳೆದು ನಿಲ್ಲುತ್ತದೆ. ದೇಶದ ಕೃಷಿ ವಿಜ್ಞಾನಿಗಳಿಗೆಲ್ಲ ಪರಿಚಿತವಾದ ‘ಅಣ್ಣಿಗೇರಿ’ ಕಡಲೆ ತಳಿಗೆ ಹೆಸರು ಕೊಟ್ಟ ಅಣ್ಣಿಗೇರಿಯೂ ಇಲ್ಲಿಂದ ದೂರವಿಲ್ಲ.

ಈ ನಂಟು ತೀರ ಹಳೆಯದು. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ಮುಂತಾದವರ ಅಧ್ಯಯನದಿಂದ ತಿಳಿದುಬಂದದ್ದೇನೆಂದರೆ, ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ಈ ಭಾಗದ ಜನ ಹುರಳಿ, ಹೆಸರು ಮತ್ತು ಸಣ್ಣ ತೆನೆಯ ಕಿರುಧಾನ್ಯಗಳನ್ನು ಒಟ್ಟಿಗೆ ಬೆಳೆದು ಉಣ್ಣುತ್ತಿದ್ದರು. ಕಡಲೆ ಮಾತ್ರ ಪಶ್ಚಿಮ ಏಷ್ಯಾದಿಂದ ಬಂದ ಅತಿಥಿ. ಇಂದಿನ ಟರ್ಕಿಯ ಆಗ್ನೇಯ ಭಾಗ ಅದರ ತವರು. ಪೇಟೆಯಲ್ಲಿ ‘ಬೀನ್ಸ್’ ಎಂದು ಮಾರುವ ಹುರುಳಿಕಾಯಿಯ ಜಾತಿ ಅಮೆರಿಕ ಖಂಡದಿಂದ ಇನ್ನೂ ಈಚೆಗೆ ಬಂದದ್ದು. ಧಾನ್ಯದ ಜೊತೆ ಕಾಳು ಎಂಬ ಊಟದ ಜೋಡಿ ಮಾತ್ರ ಈ ನೆಲದ್ದೇ.

ಆ ಜೋಡಿ ಎರೆನಾಡಿನ ಅಡುಗೆಮನೆಯಲ್ಲಿ ಬಹುಕಾಲ ಉಳಿದುಬಂತು. ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಮೊಳಕೆ ಕಟ್ಟಿದ ಮಡಿಕೆ ಕಾಳಿನ ಉಸಳಿ, ಹುರಳಿಕಟ್ಟಿನ ಸಾರು, ಕಡಲೆಹಿಟ್ಟಿನ ಝುಣಕ, ಎಳೆಯ ಕಡಲೆ ಸೊಪ್ಪಿನ ಪಲ್ಯ. ಪಂಚಮಿಗೆ ಉಸಳಿ, ಎಳ್ಳಮಾವಾಸ್ಯೆಯ ಚರಗದ ಬುತ್ತಿಯಲ್ಲಿ ಕಾಳುಪಲ್ಯ, ಸುಗ್ಗಿಯಲ್ಲಿ ಗುಗ್ಗರಿ. ಹೊಲಕ್ಕೆ ಹೋದವರು ಕಿತ್ತು ತಿನ್ನುವ ಹಸಿ ಸುಲಗಾಯಿ ಲೆಕ್ಕಕ್ಕೇ ಇಲ್ಲ.

ಹಳೆಯ ವೈದ್ಯರ ಮಾತು

ಮೂತ್ರಕ್ಕೆ ಇರುವೆ ಮುತ್ತುವ ಕಾಯಿಲೆಯನ್ನು ನಮ್ಮ ಹಳೆಯ ವೈದ್ಯಗ್ರಂಥಗಳು ಚೆನ್ನಾಗಿ ಬಲ್ಲವು. ಚರಕ, ಸುಶ್ರುತ ಸಂಹಿತೆಗಳು ಇದನ್ನು ಪ್ರಮೇಹದ ಬಗೆಗಳಲ್ಲಿ ಸೇರಿಸಿ ಮಧುಮೇಹ ಎಂದು ಕರೆದವು. ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಸುಶ್ರುತ ಎರಡು ಬಗೆ ಮಾಡಿದ್ದು ಇಂದಿನ ವೈದ್ಯರಿಗೂ ಅಚ್ಚರಿ ತರುತ್ತದೆ. ರೋಗಿಯ ಊಟಕ್ಕೆ ಈ ಗ್ರಂಥಗಳು ಹೇಳುವ ಪಟ್ಟಿಯಲ್ಲಿ ಜವೆಗೋದಿಯ ಜೊತೆಗೆ ಹೆಸರು, ಕಡಲೆ, ತೊಗರಿ, ಹುರಳಿಗಳ ಹೆಸರಿವೆ. ಕಾರಣ ಹೇಳುವ ಸಾಧನ ಆಗ ಇರಲಿಲ್ಲ. ಆದರೆ ಯಾವುದನ್ನು ತಿಂದರೆ ರೋಗಿ ಕಡಿಮೆ ಬಳಲುತ್ತಾನೆ ಎಂಬ ಅನುಭವ ಇತ್ತು.

ಕಾರಣ ಹುಡುಕುವ ಕೆಲಸ ಶುರುವಾದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಪಿಷ್ಟ ಎಂದರೆ ಎಲ್ಲ ಒಂದೇ ಎಂದು ವೈದ್ಯರು ತಿಳಿದಿದ್ದರು. ಸಕ್ಕರೆ, ಬೆಲ್ಲ ಬೇಗ ರಕ್ತಕ್ಕೆ ಸೇರುತ್ತದೆ. ಅನ್ನ, ರೊಟ್ಟಿ, ಕಾಳು ನಿಧಾನಕ್ಕೆ ಸೇರುತ್ತವೆ ಎಂಬುದು ಆಗಿನ ಪಾಠ. ಈ ಪಾಠವನ್ನು ಒರೆಗೆ ಹಚ್ಚಿದವರು ಡೇವಿಡ್ ಜೆಂಕಿನ್ಸ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು. 1980ರಲ್ಲಿ ಅವರು ಎಂಟು ಬಗೆಯ ಒಣಕಾಳುಗಳನ್ನು ಧಾನ್ಯ, ಬ್ರೆಡ್ಡು, ಗೆಡ್ಡೆ ಮುಂತಾದ ಇಪ್ಪತ್ತನಾಲ್ಕು ಆಹಾರಗಳ ಜೊತೆ ಹೋಲಿಸಿದರು. ಎಲ್ಲದರಲ್ಲೂ ಪಿಷ್ಟ ಮತ್ತು ಸಕ್ಕರೆಯ ತೂಕ ಸಮನಾಗಿತ್ತು. ಆದರೂ ಕಾಳು ತಿಂದವರ ರಕ್ತದಲ್ಲಿ ಸಕ್ಕರೆಯ ಏರಿಕೆ ಉಳಿದವರಿಗಿಂತ ಕನಿಷ್ಠ ಶೇಕಡಾ 45ರಷ್ಟು ಕಡಿಮೆ ಇತ್ತು.

ಮರುವರ್ಷ, 1981ರಲ್ಲಿ, ಇದೇ ತಂಡ 62 ಆಹಾರಗಳನ್ನು ಅಳೆದು ‘ಗ್ಲೈಸೆಮಿಕ್ ಇಂಡೆಕ್ಸ್’ ಎಂಬ ಹೊಸ ಅಳತೆಗೋಲನ್ನು ಮುಂದಿಟ್ಟಿತು. ಶುದ್ಧ ಗ್ಲೂಕೋಸ್ ಕುಡಿದಾಗ ರಕ್ತದ ಸಕ್ಕರೆ ಏರುವ ಪರಿಗೆ ನೂರು ಅಂಕ. ಉಳಿದ ಆಹಾರಗಳಿಗೆ ಅದರ ಹೋಲಿಕೆಯಲ್ಲಿ ಅಂಕ. ಈ ಲೆಕ್ಕದಲ್ಲಿ ಬೇಯಿಸಿದ ಬಿಳಿ ಅನ್ನಕ್ಕೆ ಸುಮಾರು 73, ಬಿಳಿ ಬ್ರೆಡ್ಡಿಗೆ 75. ಬೇಯಿಸಿದ ಇಡೀ ಕಡಲೆಗೆ 28ರ ಆಸುಪಾಸು. ಅಕ್ಕಿಯ ತಳಿ, ಬೇಯಿಸುವ ರೀತಿ ಬದಲಾದರೆ ಅಂಕಗಳಲ್ಲಿ ಹೆಚ್ಚುಕಡಿಮೆ ಆಗುತ್ತದೆ. ಆದರೆ ಕಾಳುಗಳು ಪಟ್ಟಿಯ ಕೆಳಗಡೆಯೇ ಉಳಿಯುತ್ತವೆ.

ಗೋಡೆಯೊಳಗಿನ ಪಿಷ್ಟ

ಕಾಳಿನಲ್ಲೂ ಪಿಷ್ಟ ಇದೆ, ಅಕ್ಕಿಯಲ್ಲೂ ಪಿಷ್ಟ ಇದೆ. ಹಾಗಾದರೆ ಒಂದು ಓಡುವುದೇಕೆ, ಇನ್ನೊಂದು ನಡೆಯುವುದೇಕೆ?

ಬೆಂದ ಹೆಸರುಕಾಳೊಂದನ್ನು ಬೆರಳಲ್ಲಿ ಹಿಸುಕಿ ನೋಡಿದರೆ ಉತ್ತರದ ಮೊದಲ ಸುಳಿವು ಸಿಗುತ್ತದೆ. ಅನ್ನದಂತೆ ಅಂಟಂಟಾಗದೆ ಅದು ನುಣ್ಣನೆಯ ಪುಡಿಯಂತೆ ಒಡೆಯುತ್ತದೆ. ಆ ಪುಡಿಯ ಕಣಗಳಲ್ಲಿ ಹೆಚ್ಚಿನವು ಒಡೆಯದೆ ಉಳಿದ ಜೀವಕೋಶಗಳು. ಬೇಯಿಸಿದಾಗ ಕೋಶಕ್ಕೂ ಕೋಶಕ್ಕೂ ನಡುವೆ ಇದ್ದ ಗಾರೆ ಕರಗುತ್ತದೆ. ಕೋಶದ ಗೋಡೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಪಿಷ್ಟ ಆ ಗೋಡೆಯ ಒಳಗೆ, ಪ್ರೋಟೀನಿನ ಹೊದಿಕೆಯಲ್ಲಿ, ಕೂಡಿಹಾಕಿದಂತೆ ಇರುತ್ತದೆ. ಪಿಷ್ಟವನ್ನು ಕತ್ತರಿಸಿ ಗ್ಲೂಕೋಸ್ ಮಾಡುವ ಜೀರ್ಣರಸ ಈ ಗೋಡೆಯ ಸಂದಿಯಲ್ಲಿ ನುಸುಳಿಯೇ ಒಳಹೋಗಬೇಕು. ಕೆಲಸ ನಿಧಾನವಾಗುತ್ತದೆ.

ಎರಡನೆಯ ಕಾರಣ ಪಿಷ್ಟದ ಸ್ವಭಾವ. ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ಮೊದಲನೆಯದು ಕೊಂಬೆಯಿಲ್ಲದ ನೂಲಿನ ಹಾಗೆ ಒತ್ತಾಗಿ ಸುತ್ತಿಕೊಳ್ಳುತ್ತದೆ, ಜೀರ್ಣರಸಕ್ಕೆ ಬೇಗ ಸಿಗುವುದಿಲ್ಲ. ಎರಡನೆಯದು ಕೊಂಬೆಕೊಂಬೆಯಾಗಿ ಹರಡಿ ಎಲ್ಲ ಕಡೆಯಿಂದ ಕತ್ತರಿಗೆ ಸಿಗುತ್ತದೆ. ಸಾಮಾನ್ಯ ಅಕ್ಕಿಗಿಂತ ಕಾಳುಗಳಲ್ಲಿ ಅಮೈಲೋಸಿನ ಪಾಲು ಹೆಚ್ಚು.

ಮೂರನೆಯದು ನಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಒಣ ಕಡಲೆಯಲ್ಲಿ ನಾರು ಸುಮಾರು 25 ಗ್ರಾಂ, ಹೆಸರಿನಲ್ಲಿ 17 ಗ್ರಾಂ, ಜೋಳದಲ್ಲಿ 10 ಗ್ರಾಂ, ಬಿಳಿ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಪ್ರೋಟೀನು ಕಡಲೆಯಲ್ಲಿ 19, ಹೆಸರಿನಲ್ಲಿ 22, ಜೋಳದಲ್ಲಿ 10, ಅಕ್ಕಿಯಲ್ಲಿ 8 ಗ್ರಾಂ. ನೀರಲ್ಲಿ ಕರಗುವ ನಾರು ಕರುಳಿನಲ್ಲಿ ಲೋಳೆಯಂತಾಗಿ ಊಟದ ಹರಿವನ್ನು ತಡೆಯುತ್ತದೆ, ಪ್ರೋಟೀನು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮೆಂತ್ಯವೂ ದ್ವಿದಳ ಜಾತಿಯದೇ. ಅದರ ಕಾಳು ನೆನೆದಾಗ ಬಿಡುವ ಲೋಳೆ ಇದೇ ಬಗೆಯ ನಾರು. ಮೆಂತ್ಯ ಮತ್ತು ಮಧುಮೇಹದ ಮೇಲೆ 1980ರ ದಶಕದಲ್ಲಿ ಮೊದಲ ಮುಖ್ಯ ಪ್ರಯೋಗಗಳನ್ನು ನಡೆಸಿದ್ದೂ ಹೈದರಾಬಾದಿನ ಅದೇ ಸಂಸ್ಥೆ.

ಇದರ ಫಲ ಮಧುಮೇಹಿಗೆ ಏಕೆ ದೊಡ್ಡದು ಎಂಬುದಕ್ಕೆ ಕಾಲುವೆಯ ಹೋಲಿಕೆ ಕೊಡಬಹುದು. ಒಮ್ಮೆಲೇ ಗೇಟು ತೆಗೆದರೆ ಹೊಲದ ಬದುವು ಒಡೆಯುತ್ತದೆ. ಅಷ್ಟೇ ನೀರನ್ನು ದಿನವಿಡೀ ಬಿಟ್ಟರೆ ಬೆಳೆ ಕುಡಿಯುತ್ತದೆ. ಆರೋಗ್ಯವಂತನ ಮೇದೋಜ್ಜೀರಕ ಗ್ರಂಥಿ ಒಮ್ಮೆಲೇ ಬಂದ ಸಕ್ಕರೆಗೂ ಬೇಕಾದಷ್ಟು ಇನ್ಸುಲಿನ್ ಸುರಿಸಿ ನಿಭಾಯಿಸುತ್ತದೆ. ಮಧುಮೇಹಿಯಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಬಂದ ಇನ್ಸುಲಿನ್ನಿಗೆ ದೇಹ ಸ್ಪಂದಿಸದು. ಅವನಿಗೆ ಸಕ್ಕರೆ ನಿಧಾನಕ್ಕೆ ಬಂದಷ್ಟೂ ಒಳ್ಳೆಯದು.

ಮುಂಜಾನೆಯ ಕಾಳು, ಮಧ್ಯಾಹ್ನದ ಲಾಭ

ಜೆಂಕಿನ್ಸ್ ಅವರ ತಂಡ 1982ರಲ್ಲಿ ಇನ್ನೊಂದು ವಿಚಿತ್ರವನ್ನು ಗುರುತಿಸಿತು. ಬೆಳಿಗ್ಗೆ ಮಸೂರ ತಿಂದವರಿಗೂ ಬ್ರೆಡ್ಡು ತಿಂದವರಿಗೂ ಮಧ್ಯಾಹ್ನ ಒಂದೇ ಬಗೆಯ ಊಟ ಕೊಟ್ಟರು. ಮಸೂರ ತಿಂದಿದ್ದವರಲ್ಲಿ ಮಧ್ಯಾಹ್ನದ ಊಟದ ನಂತರವೂ ಸಕ್ಕರೆಯ ಏರಿಕೆ ಕಡಿಮೆ ಕಂಡುಬಂತು. ವಿಜ್ಞಾನಿಗಳು ಇದನ್ನು ‘ಎರಡನೆಯ ಊಟದ ಪರಿಣಾಮ’ ಎಂದು ಕರೆದರು.

ಇದಕ್ಕೆ ಒಂದು ಕಾರಣ ಮೊದಲ ಊಟದ ಪಿಷ್ಟ ನಿಧಾನಕ್ಕೆ ಕರಗುತ್ತಾ ಬಹು ಹೊತ್ತು ಇನ್ಸುಲಿನ್ನಿನ ಕೆಲಸವನ್ನು ಜಾರಿಯಲ್ಲಿಡುವುದು. ಇನ್ನೊಂದು ದೊಡ್ಡ ಕರುಳಿನಲ್ಲಿ ನಡೆಯುವ ಕೆಲಸ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ನಾರು ಮತ್ತು ಪಿಷ್ಟ ಅಲ್ಲಿಗೆ ಹೋದಾಗ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಆಗ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಇವು ರಕ್ತಕ್ಕೆ ಸೇರಿ ಯಕೃತ್ತು ಸಕ್ಕರೆಯನ್ನು ಬಳಸುವ ರೀತಿಯ ಮೇಲೂ ಪ್ರಭಾವ ಬೀರುತ್ತವೆ.

ಒಂದೆರಡು ಊಟದ ಮಾತು ಇರಲಿ, ತಿಂಗಳುಗಟ್ಟಲೆ ಕಾಳು ತಿಂದರೆ ಏನಾಗುತ್ತದೆ? ಇದಕ್ಕೂ ಪರೀಕ್ಷೆ ನಡೆದಿದೆ. 2012ರಲ್ಲಿ ಪ್ರಕಟವಾದ ಟೊರಾಂಟೋದ ಪ್ರಯೋಗದಲ್ಲಿ ಎರಡನೆಯ ಬಗೆಯ ಮಧುಮೇಹ ಇದ್ದ 121 ಜನ ಭಾಗವಹಿಸಿದ್ದರು. ಅರ್ಧ ಜನರಿಗೆ ದಿನಕ್ಕೆ ಕನಿಷ್ಠ ಒಂದು ಕಪ್ಪು, ಅಂದರೆ ಸುಮಾರು 190 ಗ್ರಾಂ ಬೇಯಿಸಿದ ಕಾಳು. ಇನ್ನರ್ಧ ಜನರಿಗೆ ತವುಡು ಸಹಿತ ಗೋಧಿಯ ಪದಾರ್ಥ. ಮೂರು ತಿಂಗಳ ನಂತರ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಅಂಶ ಕಾಳಿನ ಗುಂಪಿನಲ್ಲಿ 0.5ರಷ್ಟು, ಗೋಧಿಯ ಗುಂಪಿನಲ್ಲಿ 0.3ರಷ್ಟು ಇಳಿದಿತ್ತು. ಕಾಳು ತಿಂದವರ ರಕ್ತದೊತ್ತಡವೂ ಹೆಚ್ಚು ಇಳಿದಿತ್ತು. ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಆದರೆ ಈ ಜನ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಅದರ ಮೇಲೆ ಬಂದ ಲಾಭ ಇದು. ಅಷ್ಟೇ ಅಲ್ಲ, ಕಾಳಿನ ಜೊತೆ ಸ್ಪರ್ಧೆಗೆ ನಿಂತದ್ದು ಮೈದಾ ಅಲ್ಲ, ನಾರಿನ ಗೋಧಿ.

ಹಸಿವಿನ ಲೆಕ್ಕ

ಬೆಳಿಗ್ಗೆ ಕಾಳಿನ ಉಸಳಿ ತಿಂದು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ ಎಂಬುದು ಎರೆನಾಡಿನ ಆಳುಮಕ್ಕಳಿಗೆ ಗೊತ್ತಿರುವ ಸಂಗತಿ. ಮಧುಮೇಹಿಗೆ ಇದರಿಂದ ಎರಡು ಉಪಕಾರ. ಅನ್ನ, ಮಂಡಕ್ಕಿ, ಬ್ರೆಡ್ಡಿನಂಥ ಆಹಾರ ತಿಂದಾಗ ಸಕ್ಕರೆ ಬೇಗ ಏರಿ ಬೇಗ ಇಳಿಯುವಾಗ ಮತ್ತೆ ತಿನ್ನಬೇಕೆನಿಸುತ್ತದೆ. ಕಾಳು ತಿಂದಾಗ ಈ ಏರಿಳಿತ ಕಡಿಮೆ. ಜೊತೆಗೆ ತೂಕ ಹೆಚ್ಚದಂತೆ ನೋಡಿಕೊಳ್ಳುವುದು ಸುಲಭ. ತೂಕ ಇಳಿದಷ್ಟೂ ಇನ್ಸುಲಿನ್ನಿಗೆ ದೇಹ ಚೆನ್ನಾಗಿ ಸ್ಪಂದಿಸುತ್ತದೆ.

ಹೊಟ್ಟೆ ತುಂಬಿದ ಭಾವ ಬರಿಯ ಜಠರದ್ದಲ್ಲ. ಜೀರ್ಣವಾಗದ ಆಹಾರ ಕರುಳಿನ ಕೆಳಭಾಗದವರೆಗೂ ತಲುಪಿದಾಗ ಅಲ್ಲಿನ ಕೋಶಗಳು ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ಇವು ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತವೆ. ಈಚಿನ ವರ್ಷಗಳಲ್ಲಿ ಜಗತ್ತಿನಲ್ಲೆಲ್ಲ ಸುದ್ದಿ ಮಾಡಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಕೆಲಸ ಮಾಡುವುದು ಇದೇ ಜಿಎಲ್‌ಪಿ-1ರ ಅನುಕರಣೆಯಿಂದ. ಕಾಳು ಆ ಮದ್ದಿಗೆ ಸಮ ಎಂದರೆ ತಪ್ಪಾಗುತ್ತದೆ. ಮದ್ದಿನ ಬಲವೇ ಬೇರೆ. ಆದರೆ ದೇಹದಲ್ಲಿರುವ ಆ ಗಂಟೆಯನ್ನು ಮೆಲ್ಲಗೆ ಬಾರಿಸುವ ಆಹಾರಗಳಲ್ಲಿ ಕಾಳೂ ಒಂದು.

ಇಲ್ಲಿಯೂ ಉತ್ಪ್ರೇಕ್ಷೆ ಬೇಡ. ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಕಾಳಿನ ಊಟ ಉಂಡವರಿಗೆ ತೃಪ್ತಿಯ ಭಾವ ಶೇಕಡಾ 31ರಷ್ಟು ಹೆಚ್ಚು ಕಂಡಿತು. ಆದರೆ ಅವರೇ ಮುಂದಿನ ಊಟದಲ್ಲಿ ಗಣನೀಯವಾಗಿ ಕಡಿಮೆ ತಿಂದರೆಂದು ಹೇಳಲು ಬರಲಿಲ್ಲ. 2016ರಲ್ಲಿ 21 ಪ್ರಯೋಗಗಳ, 940 ಜನರ ಲೆಕ್ಕ ನೋಡಿದಾಗ ದಿನವೂ ಕಾಳು ತಿಂದವರ ತೂಕ ಆರು ವಾರಗಳಲ್ಲಿ ಸುಮಾರು 340 ಗ್ರಾಂ ಇಳಿದಿತ್ತು. ಕಾಳು ಹಸಿವನ್ನು ಹಿಡಿತದಲ್ಲಿಡಲು ನೆರವಾಗುತ್ತದೆ. ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕು ಎಂಬ ವಿವೇಕ ಉಣ್ಣುವವನದೇ.

ಕಾಳೋ, ಬೇಳೆಯೋ, ಹಿಟ್ಟೋ?

ಎಲ್ಲವೂ ಕಡಲೆಯೇ ಆದರೂ ಗುಗ್ಗರಿ, ಬೇಳೆ, ಝುಣಕ, ಮಿರ್ಚಿ ಭಜಿ, ಹೋಳಿಗೆ ಒಂದೇ ಅಲ್ಲ. ಗೋಡೆಯ ಮಾತನ್ನು ನೆನಪಿಟ್ಟುಕೊಂಡರೆ ಇದು ತಾನಾಗಿ ತಿಳಿಯುತ್ತದೆ.

ಇಡೀ ಕಾಳಿಗೆ ಸಿಪ್ಪೆಯೂ ಇದೆ, ಗೋಡೆಯೂ ಇದೆ. ಬೇಳೆ ಮಾಡುವಾಗ ಸಿಪ್ಪೆ ಹೋಗುತ್ತದೆ. ನೂರು ಗ್ರಾಂ ಕಡಲೆಯಲ್ಲಿ 25 ಗ್ರಾಂ ಇದ್ದ ನಾರು ಕಡಲೆಬೇಳೆಯಲ್ಲಿ 15ಕ್ಕೆ ಇಳಿಯುತ್ತದೆ. ಹೆಸರಿನ 17 ಗ್ರಾಂ ಹೆಸರುಬೇಳೆಯಲ್ಲಿ 9ಕ್ಕೆ. ಬೀಸಿ ಹಿಟ್ಟು ಮಾಡಿದರೆ ಕೋಶದ ಗೋಡೆಗಳೇ ಪುಡಿಯಾಗುತ್ತವೆ, ಪಿಷ್ಟ ಬಯಲಿಗೆ ಬೀಳುತ್ತದೆ. ಹಾಗಾಗಿ ಝುಣಕಕ್ಕಿಂತ ಉಸಳಿ ಮೇಲು. ಆದರೂ ಕಡಲೆಹಿಟ್ಟಿನಲ್ಲಿ ಪ್ರೋಟೀನು, ಅಮೈಲೋಸ್ ಉಳಿದಿರುವುದರಿಂದ ಮೈದಾಹಿಟ್ಟಿಗಿಂತ ಝುಣಕ ಎಷ್ಟೋ ಒಳ್ಳೆಯದು.

ಸಂಜೆಯ ಹೊತ್ತು ಗಿರ್ಮಿಟ್ಟಿನ ಜೊತೆ ಬರುವ ಮಿರ್ಚಿ ಭಜಿಯ ಕಥೆ ಬೇರೆ. ಅಲ್ಲಿ ಕಡಲೆಹಿಟ್ಟು ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಕೆಳಗೆ ಮಂಡಕ್ಕಿ ಇರುತ್ತದೆ. ಮಂಡಕ್ಕಿ ಹಗುರ ಎಂದು ಧೈರ್ಯವಾಗಿ ತಿನ್ನುವ ಮಧುಮೇಹಿಗಳು ಬಹಳ. ತೂಕಕ್ಕೆ ಹಗುರವಾದರೂ ಅರಳಿದ ಅಕ್ಕಿ ಬೇಗನೆ ಸಕ್ಕರೆಯಾಗುವ ಆಹಾರ. ಹೋಳಿಗೆಯ ಹೂರಣದಲ್ಲಿ ಬೇಳೆಯಷ್ಟೇ ಬೆಲ್ಲ ಇರುತ್ತದೆ. ಅಲ್ಲಿ ಬೇಳೆಯ ಪುಣ್ಯ ಬೆಲ್ಲದ ಪಾಲಾಗುತ್ತದೆ.

ಜೋಳದ ರೊಟ್ಟಿಯ ಬಗೆಗೂ ಒಂದು ಮಾತು. ಅನ್ನಕ್ಕಿಂತ ಜೋಳದಲ್ಲಿ ನಾರು ಹೆಚ್ಚು ನಿಜ. ಆದರೆ ಜೋಳವೂ ಧಾನ್ಯ, ಅದರಲ್ಲೂ ಪಿಷ್ಟವೇ ಮುಖ್ಯ. ರೊಟ್ಟಿ ತಾನೇ ಎಂದು ನಾಲ್ಕಾರು ತಿಂದರೆ ಸಕ್ಕರೆ ಏರದೇ ಇರದು. ರೊಟ್ಟಿಯ ಲೆಕ್ಕ ಕಡಿಮೆ ಮಾಡಿ ಕಾಳುಪಲ್ಯದ ಲೆಕ್ಕ ಹೆಚ್ಚು ಮಾಡಿದರೆ ಮಾತ್ರ ಲಾಭ. ಇದೇ ಇಡೀ ವಿಷಯದ ತಿರುಳು. ಮೊದಲಿನಷ್ಟೇ ಅನ್ನ ಉಂಡು ಮೇಲೆ ಒಂದು ಬಟ್ಟಲು ಕಾಳು ತಿಂದರೆ ಊಟ ದೊಡ್ಡದಾಯಿತೇ ಹೊರತು ಪಥ್ಯವಾಗಲಿಲ್ಲ. ಅನ್ನದ ಜಾಗಕ್ಕೆ ಕಾಳು ಬರಬೇಕು.

ವಾಯುವಿನ ಅಂಜಿಕೆ

ಕಾಳು ಎಂದರೆ ಹಿರಿಯರು ಹಿಂಜರಿಯುವುದು ವಾಯುವಿಗೆ. ಇದಕ್ಕೆ ಕಾರಣ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಣ್ಣ ಸಕ್ಕರೆ ಸರಪಣಿಗಳು. ಇವನ್ನು ಒಡೆಯುವ ಜೀರ್ಣರಸ ಮನುಷ್ಯನಲ್ಲಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆಯುವಾಗ ಗಾಳಿ ಹುಟ್ಟುತ್ತದೆ. ಅಂದರೆ ಉಪಕಾರ ಮಾಡುವ ಹುದುಗುವಿಕೆಯೇ ಉಬ್ಬರಕ್ಕೂ ಕಾರಣ.

ಅಡುಗೆಮನೆಯ ಹಳೆಯ ರೂಢಿಯಲ್ಲಿ ಇದಕ್ಕೆ ಪರಿಹಾರ ಇದೆ. ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳ ಒಂದು ಪಾಲು ಹೊರಹೋಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಮೊಳೆಯುವ ಕಾಳೇ ಅವನ್ನು ಬಳಸಿಕೊಳ್ಳುತ್ತದೆ, ಮೇಲಾಗಿ ಸಿ ಜೀವಸತ್ವ ಹೆಚ್ಚುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದು ಒಳ್ಳೆಯದಲ್ಲ. ಬಿ1 ಜೀವಸತ್ವ ನಾಶವಾಗುತ್ತದೆ. ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ ಕಾಳು ತಿನ್ನಲು ಆರಂಭಿಸಿದವರ ಪೈಕಿ ಮೊದಲ ವಾರ ವಾಯು ಹೆಚ್ಚಾಯಿತೆಂದವರು ಅರ್ಧ ಅಥವಾ ಅದಕ್ಕಿಂತ ಕಡಿಮೆ. ವಾರಗಳು ಕಳೆದಂತೆ ಆ ಸಂಖ್ಯೆಯೂ ಇಳಿಯಿತು. ಒಂದೇ ದಿನ ಬಟ್ಟಲು ತುಂಬ ತಿನ್ನದೆ, ಒಂದು ಹಿಡಿಯಿಂದ ಶುರು ಮಾಡಿದರೆ ಕರುಳು ಒಗ್ಗಿಕೊಳ್ಳುತ್ತದೆ.

ಎಚ್ಚರ ತಪ್ಪಬಾರದು

ಕಾಳು ಆಹಾರ, ಔಷಧವಲ್ಲ. ಕಾಳು ತಿನ್ನುತ್ತಿದ್ದೇನೆಂದು ಮಾತ್ರೆ ನಿಲ್ಲಿಸಿದರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಅಪಾಯ. ಇದರ ತಿರುವುಮುರುವೂ ನಿಜ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗುವವರು ಒಮ್ಮೆಲೇ ಅನ್ನ ಬಿಟ್ಟು ಕಾಳಿಗೆ ಹೊರಳಿದರೆ ಸಕ್ಕರೆ ಬೇಕಾದುದಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಇದರ ಗುರುತು. ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ ಔಷಧದ ಅಳತೆ ಸರಿಪಡಿಸಿಕೊಳ್ಳಬೇಕು.

ಮೂತ್ರಪಿಂಡ ಕೆಟ್ಟಿರುವವರಿಗೆ ಕಾಳಿನ ಪ್ರೋಟೀನು ಮತ್ತು ಪೊಟ್ಯಾಸಿಯಂ ಭಾರವಾಗಬಹುದು. ಅವರ ಪಥ್ಯ ವೈದ್ಯರು ಹೇಳಿದಂತೆಯೇ ಇರಬೇಕು. ಹಸಿ ರಾಜ್ಮಾ ಕಾಳಿನಲ್ಲಿ ವಿಷದ ಅಂಶ ಇರುವುದರಿಂದ ಅದನ್ನು ನೆನೆಸಿ ಚೆನ್ನಾಗಿ ಕುದಿಸಿಯೇ ತಿನ್ನಬೇಕು.

ಚೀಲದ ಪ್ರಶ್ನೆ

ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ 85 ಗ್ರಾಂ ಬೇಳೆಕಾಳು ಬೇಕೆನ್ನುತ್ತದೆ. ಟೊರಾಂಟೋದ ಒಂದು ಕಪ್ಪು ಬೆಂದ ಕಾಳೂ ಒಣಕಾಳಿನ ಲೆಕ್ಕದಲ್ಲಿ ಸುಮಾರು 80 ಗ್ರಾಂ. ಇದು ಎಲ್ಲರಿಗೂ ಎಟಕುವ ಮಾತೇ?

2024ರ ಮುಂಗಾರಿಗೆ ಕೇಂದ್ರ ಸರ್ಕಾರ ಹೆಸರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಆ ದರದಲ್ಲೇ ಹಿಡಿದರೂ ಒಬ್ಬರಿಗೆ ದಿನಕ್ಕೆ 80 ಗ್ರಾಂ ಎಂದರೆ ಏಳು ರೂಪಾಯಿ, ಐದು ಜನರ ಮನೆಗೆ 35 ರೂಪಾಯಿ, ತಿಂಗಳಿಗೆ ಸಾವಿರಕ್ಕೂ ಮೇಲೆ. ಅಂಗಡಿಯಲ್ಲಿ ಕೊಳ್ಳುವವರಿಗೆ ಇನ್ನೂ ಹೆಚ್ಚು. ಇತ್ತ 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಹಸಿವನ್ನು ನೀಗಿತು. ಅದು ಸಣ್ಣ ಕೆಲಸವಲ್ಲ. ಆದರೆ ಮನೆಗೆ ಸುಲಭವಾಗಿ ಬಂದದ್ದು ಅಕ್ಕಿ. ಕೈಯಿಂದ ದುಡ್ಡು ಕೊಟ್ಟು ತರಬೇಕಾದ ಕಾಳು ಸಾರಿನ ತಳದಲ್ಲಿ ಹುಡುಕುವಂತಾದರೆ ಕೂಲಿಯವನನ್ನು ದೂರುವಂತಿಲ್ಲ. ಗುಂಡಿ ಮಗ್ಗದಲ್ಲಿ ದಿನವಿಡೀ ಕೂತು ನೇಯುವ ಗಜೇಂದ್ರಗಡದ ನೇಕಾರನಿಗೆ ಹೊಲದ ಆಳಿನಷ್ಟು ಮೈದಣಿವಿನ ನಡಿಗೆಯೂ ಇಲ್ಲ. ತಟ್ಟೆಯ ತುಂಬ ಅನ್ನ ಅವನಿಗೆ ಹೆಚ್ಚು ಹಾನಿ ಮಾಡುತ್ತದೆ.

ಹೊಲ ಇದ್ದವರ ಸಂಗತಿ ಬೇರೆ. ಶ್ರಾವಣ, ಭಾದ್ರಪದದಲ್ಲಿ ಹೆಸರು ಕೈಗೆ ಬರುತ್ತದೆ. ಅದು ವರ್ಷದ ಮೊದಲ ರೊಕ್ಕದ ಬೆಳೆ. ಬೀಜ ಗೊಬ್ಬರದ ಸಾಲ, ಮಕ್ಕಳ ಶಾಲೆ, ಹಬ್ಬ ಎಲ್ಲ ಅದರ ಮೇಲೇ ನಿಂತಿರುತ್ತವೆ. ಮಳೆ ಹಿಡಿದು ಕಾಯಿ ಕಪ್ಪಾಗುವ ಮೊದಲು ಒಕ್ಕಿ, ಚೀಲ ಕಟ್ಟಿ, ಸಿಕ್ಕ ಬೆಲೆಗೆ ಮಾರುವವರೇ ಹೆಚ್ಚು. ಐದು ಜನರ ಕುಟುಂಬಕ್ಕೆ ದಿನಕ್ಕೆ ಒಬ್ಬರಿಗೆ 80 ಗ್ರಾಮಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು ಒಂದೂವರೆ ಕ್ವಿಂಟಲ್ ಕಾಳು. ಹೆಸರು, ಕಡಲೆ, ತೊಗರಿ, ಮಡಿಕೆ, ಹುರಳಿ ಎಲ್ಲ ಸೇರಿ ಇಷ್ಟು. ಸಣ್ಣ ರೈತನಿಗೆ ಇದು ಬಿಟ್ಟುಕೊಡಲು ಸುಲಭವಾದ ಪಾಲಲ್ಲ. ಆದರೆ ಮಾರಿದ ರೊಕ್ಕದಲ್ಲಿ ಒಂದಂಶ ಮುಂದೆ ಸಕ್ಕರೆ ಕಾಯಿಲೆಯ ಮಾತ್ರೆಗೆ, ರಕ್ತಪರೀಕ್ಷೆಗೆ, ಹುಬ್ಬಳ್ಳಿ ಗದಗಿನ ಓಡಾಟಕ್ಕೆ ಹೋಗುವುದಾದರೆ ಲೆಕ್ಕವನ್ನು ಇನ್ನೊಮ್ಮೆ ಹಾಕಬೇಕಾಗುತ್ತದೆ.

ಹಿಂದಿನವರು ಬೀಜಕ್ಕೆಂದು ಒಳ್ಳೆಯ ಕಾಳನ್ನು ಬೂದಿ ಬೆರೆಸಿ, ಹಗೇವಿನಲ್ಲೋ ಗಡಿಗೆಯಲ್ಲೋ ತೆಗೆದಿಟ್ಟ ಮೇಲೆಯೇ ಉಳಿದುದನ್ನು ಅಳೆದು ಮಾರುತ್ತಿದ್ದರು. ಮುಂದಿನ ಬೆಳೆಗೆ ಬೀಜ ಇಡುವುದು ಎಷ್ಟು ಅಗತ್ಯವೋ ಮನೆಯವರ ಬಟ್ಟಲಿಗೆ ಕಾಳು ಇಡುವುದೂ ಈಗ ಅಷ್ಟೇ ಅಗತ್ಯ. ಪಡಿತರದಲ್ಲಿ ಅಕ್ಕಿಯ ಜೊತೆ ಕಾಳೂ ಬರುವಂತಾದರೆ ಹೊಲವಿಲ್ಲದವರಿಗೂ ಈ ಬಟ್ಟಲು ಎಟಕುತ್ತದೆ. ಅದಾಗುವವರೆಗೆ ಎರೆನಾಡಿನ ರೈತ ತನ್ನ ಕಣದಲ್ಲಿ ಕಟ್ಟುವ ಚೀಲಗಳ ಪೈಕಿ ಒಂದೆರಡನ್ನು ಗಾಡಿಗೆ ಹೇರದೆ ಮನೆಯೊಳಗೆ ಇಳಿಸಿಕೊಳ್ಳುವುದೇ ಒಳ್ಳೆಯದು.